ಟ್ರೆಟಿನಾಯಿನ್: ಸಿಪ್ಪೆ ಏಳುವುದು ಔಷಧ ಕೆಲಸ ಮಾಡುತ್ತಿರುವ ಗುರುತೇ?

ಪ್ರಶ್ನೆ: ಬಿಸಿಲಿನಿಂದಾದ ಸಣ್ಣ ಸುಕ್ಕುಗಳಿಗೆ ವೈದ್ಯರು ಬರೆದುಕೊಟ್ಟ 0.05% ಟ್ರೆಟಿನಾಯಿನ್ (ವಿಟಮಿನ್ ಎ ಗುಂಪಿನ ಔಷಧ) ಕ್ರೀಮ್, ದಿನಾ ರಾತ್ರಿ. ಮೂರನೇ ವಾರಕ್ಕೆ ಮೂಗಿನ ಪಕ್ಕ ಕೆಂಪಾಗಿ ಸಿಪ್ಪೆ ಏಳುತ್ತಿದೆ, ಸುಕ್ಕು ಮಾತ್ರ ಹಾಗೇ ಇದೆ. ಮುಂದುವರಿಸುವುದೇ?

ಉತ್ತರ 1: ಸಿಪ್ಪೆಗೂ ಸುಕ್ಕಿಗೂ ಸಂಬಂಧ ಕಡಿಮೆ. ಸಿಪ್ಪೆ ಏಳುವುದು ಮೇಲ್ಪದರದ ಉರಿ. ಸುಕ್ಕಿನ ಕೆಲಸ ನಡೆಯುವುದು ಒಳಪದರದಲ್ಲಿ: ಬಿಸಿಲು ಕೊಲಾಜನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್) ಕತ್ತರಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ, ಟ್ರೆಟಿನಾಯಿನ್ ಅವನ್ನು ತಗ್ಗಿಸಿ ಹೊಸ ಕೊಲಾಜನ್ ಕಟ್ಟಿಸುತ್ತದೆ. ಇದಕ್ಕೆ ಮೂರರಿಂದ ಆರು ತಿಂಗಳು ಬೇಕು. 0.025% ಮತ್ತು 0.1% ಹೋಲಿಸಿದ ಪ್ರಯೋಗದಲ್ಲಿ ವರ್ಷದ ಕೊನೆಗೆ ಫಲ ಹೆಚ್ಚುಕಡಿಮೆ ಒಂದೇ, ಉರಿ ಮಾತ್ರ 0.1%ರಲ್ಲಿ ಬಹಳ ಜಾಸ್ತಿ. ಹಾಗಾಗಿ ಶಕ್ತಿ ಇಳಿಸಿದರೆ ನಷ್ಟವಿಲ್ಲ.

ಉತ್ತರ 2: ಉರಿ ಅಡಗುವವರೆಗೆ ನಿಲ್ಲಿಸಿ. ಆಮೇಲೆ ಮೂರು ರಾತ್ರಿಗೊಮ್ಮೆ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟೇ. ಮುಖ ತೊಳೆದು 20–30 ನಿಮಿಷ ಪೂರ್ತಿ ಒಣಗಲಿ. ಒದ್ದೆ ಚರ್ಮದಲ್ಲಿ ಉರಿ ಹೆಚ್ಚು. ಮೂಗಿನ ಸಂದು, ತುಟಿಯಂಚಿಗೆ ಮೊದಲೇ ವ್ಯಾಸಲೀನ್ ಸವರಿ. ಸ್ಕ್ರಬ್, ಸಿಪ್ಪೆ ತೆಗೆಯುವ ಗ್ಲೈಕಾಲಿಕ್ ಆಮ್ಲ ಸದ್ಯ ಬೇಡವೇ ಬೇಡ.

ಉತ್ತರ 3: ಬೆಳಿಗ್ಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಇಲ್ಲದಿದ್ದರೆ ರಾತ್ರಿಯ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಗರ್ಭಿಣಿಯರು, ಗರ್ಭ ಧರಿಸಲು ಯೋಜಿಸುತ್ತಿರುವವರು ಟ್ರೆಟಿನಾಯಿನ್ ಹಚ್ಚಬಾರದು. ಮೊಡವೆಗೆಂದು ಬೆನ್ಜಾಯಿಲ್ ಪೆರಾಕ್ಸೈಡ್ ಇದ್ದರೆ ಅದು ಬೆಳಿಗ್ಗೆ ಇರಲಿ. ಒಟ್ಟಿಗೆ ಹಚ್ಚಿದರೆ ಸಾಮಾನ್ಯ ಟ್ರೆಟಿನಾಯಿನ್ ಕೆಡುತ್ತದೆ. ನೀರುಗುಳ್ಳೆ, ಊತ ಕಂಡರೆ ಕ್ರೀಮ್ ಬಿಟ್ಟು ವೈದ್ಯರಿಗೆ ತೋರಿಸಿ.