ಲ್ಯಾಬ್ರಡಾರ್ ಕಿವಿ ಸೋರುವುದು, ಮೈತುರಿಕೆ: ಡ್ರಾಪ್ಸ್ ನಿಲ್ಲಿಸಿದ ತಿಂಗಳಿಗೆ ಮತ್ತೆ ಅದೇ ಕಥೆ

ಪುತ್ತೂರು ಲ್ಯಾಬ್:
ಹಳದಿ ಲ್ಯಾಬ್ರಡಾರ್, ಗಂಡು, 4 ವರ್ಷ, 30 ಕೆಜಿ, ಬೀಜ ತೆಗೆಸಿದೆ. ಎರಡು ವರ್ಷದಿಂದ ಜೂನ್ ಬಂತೆಂದರೆ ಎರಡೂ ಕಿವಿ ಕೆಂಪು, ಒಳಗೆ ಕಂದು ಬಣ್ಣದ ಜಿಡ್ಡು ಗುಗ್ಗೆ, ಹುಳಿ ಬಂದ ಹಿಟ್ಟಿನ ಥರ ವಾಸನೆ. ಮುಂಗಾಲಿನ ಬೆರಳ ಸಂದು ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ತುಕ್ಕಿನ ಬಣ್ಣ ಆಗಿದೆ. ಕಂಕುಳು, ಹೊಟ್ಟೆಯಡಿ ಕೂಡ ಕೆರೆದುಕೊಳ್ಳುತ್ತೆ. ಕ್ಲೋಟ್ರಿಮಜೋಲ್, ಜೆಂಟಾಮೈಸಿನ್, ಸ್ಟೆರಾಯ್ಡ್ ಮೂರೂ ಸೇರಿದ ಡ್ರಾಪ್ಸ್ ಬೆಳಗ್ಗೆ-ಸಂಜೆ 3 ಹನಿ, 5 ದಿನ ಹಾಕಿದರೆ ಇಳಿಯುತ್ತೆ. ತಿಂಗಳೊಳಗೆ ಮತ್ತೆ ಶುರು. ಊಟ ಕೋಳಿ-ಅನ್ನ, ಮೊಸರು, ಸಂಜೆ ಬಿಸ್ಕತ್ತು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕಿವಿಗೆ ಬಿಡಬಹುದಾ? ಸೆಟಿರಿಜಿನ್ ಕೊಡಬಹುದಾ? ಊಟ ಬದಲಿಸಬೇಕಾ?

ಮಲೆನಾಡಿನ ಪಶುವೈದ್ಯೆ:
ಕಿವಿ ಬೇರೆ, ಚರ್ಮ ಬೇರೆ ಅಂತ ನೋಡುವವರೆಗೂ ಇದು ಬರ್ತಾನೇ ಇರುತ್ತೆ. ಕಿವಿಯ ಕೊಳವೆ ಅಂದರೆ ಒಳಕ್ಕೆ ಮಡಚಿಕೊಂಡ ಚರ್ಮವೇ. ಎರಡೂ ಕಿವಿ, ಬೆರಳ ಸಂದು, ಕಂಕುಳು, ಹೊಟ್ಟೆಯಡಿ ಒಟ್ಟಿಗೆ ಕೆಂಪಾದರೆ ಮೊದಲ ಅನುಮಾನ ಅಲರ್ಜಿಯ ಮೇಲೆ. ಅಲರ್ಜಿಯಿಂದ ಕೊಳವೆ ಊದಿಕೊಳ್ಳುತ್ತೆ, ಗುಗ್ಗೆ ಹೆಚ್ಚುತ್ತೆ. ಮೊದಲಿಂದ ಚರ್ಮದ ಮೇಲೆ ತೆಪ್ಪಗಿದ್ದ ಮಲಸೇಜಿಯಾ ಯೀಸ್ಟ್, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡಿಕೊಳ್ಳುತ್ತವೆ. ನಿಮ್ಮ ಡ್ರಾಪ್ಸ್ ಕೊಲ್ಲೋದು ಈ ನೆಂಟರನ್ನು. ಕರೆದವರು ಅಲ್ಲೇ ಕೂತಿರ್ತಾರೆ. ಮಳೆಗಾಲದ ತೇವ, ಜೋಲುಗಿವಿ ಉರಿಯೋ ಬೆಂಕಿಗೆ ತುಪ್ಪ ಸುರೀತಾವೆ ನಿಜ. ಆದರೆ ಅವೇ ಮೂಲ ಕಾರಣ ಆಗಿದ್ದರೆ ಕರಾವಳಿಯ ಜೋಲುಗಿವಿ ನಾಯಿಗಳೆಲ್ಲ ಕಿವಿ ಸೋರಿಸಿಕೊಂಡೇ ಇರಬೇಕಿತ್ತು.

ಇನ್ನು ಡ್ರಾಪ್ಸ್ ಲೆಕ್ಕ. 20 ಹನಿ ಸೇರಿದರೆ ಸುಮಾರು 1 ಮಿಲಿ. ನಾಯಿಯ ಕೊಳವೆ ನಮ್ಮದರ ಹಾಗೆ ನೇರ ಇಲ್ಲ, ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತೆ. ಲ್ಯಾಬ್ರಡಾರ್‌ನ ಕಿವಿಗೆ 3 ಹನಿ ಬಿಟ್ಟರೆ ತಿರುವಿನ ಮೇಲೆಯೇ ಅಂಟಿಕೊಂಡು ಉಳಿಯುತ್ತೆ. ಈ ಗಾತ್ರದ ಕಿವಿಗೆ ಸಾಮಾನ್ಯವಾಗಿ ಒಂದೊಂದು ಸಲಕ್ಕೆ 0.8ರಿಂದ 1 ಮಿಲಿ ಬೇಕಾಗುತ್ತೆ. ನಿಮ್ಮ ಔಷಧಿಗೆ ಎಷ್ಟು ಅಂತ ಡಾಕ್ಟರ ಹತ್ತಿರ ಮಿಲಿ ಲೆಕ್ಕದಲ್ಲೇ ಬರೆಸಿಕೊಂಡು, ಸೂಜಿ ತೆಗೆದ ಸಿರಿಂಜಲ್ಲಿ ಅಳೆದು ಹಾಕಿ. 5 ದಿನ ಯಾವುದಕ್ಕೂ ಸಾಲದು. ಕನಿಷ್ಠ 2 ವಾರ ಹಾಕಿ, ನಂತರ ಮತ್ತೆ ಸ್ಲೈಡ್ ನೋಡಿಸಿ, ಅದು ಖಾಲಿ ಬಂದ ಮೇಲೆ ನಿಲ್ಲಿಸೋದು. ವಾಸನೆ ಹೋದ ಮಾತ್ರಕ್ಕೆ ಸೋಂಕು ಹೋಗಿರಲ್ಲ.

ಸ್ಲೈಡ್ ಅಂದರೆ ಹತ್ತಿಯ ಕಡ್ಡಿಯಲ್ಲಿ ಎರಡೂ ಕಿವಿಯ ಗುಗ್ಗೆ ಬೇರೆ ಬೇರೆ ತೆಗೆದು, ಗಾಜಿನ ಮೇಲೆ ಹೊರಳಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋದು. ಹತ್ತು ನಿಮಿಷದ ಕೆಲಸ. ಯೀಸ್ಟ್ ಆದರೆ ನೆಲಗಡಲೆ ಕಾಯಿಯ ಆಕಾರ ಕಾಣುತ್ತೆ. ಗುಂಡಗಿನ ಬ್ಯಾಕ್ಟೀರಿಯಾ ಕಂಡರೆ ಹೆಚ್ಚಾಗಿ ಸ್ಟ್ಯಾಫ್. ಕಡ್ಡಿಯಾಕಾರದವು ಕಂಡರೆ ಸೂಡೊಮೊನಾಸ್ ಇರಬಹುದು. ಆಗ ಅಂಗಡಿಯ ಡ್ರಾಪ್ಸ್ ಕೈಬಿಟ್ಟು ಕಲ್ಚರ್ ಮಾಡಿಸಬೇಕು, ಅಂದರೆ ಆ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋದು.

ಗ್ರೂಮಿಂಗ್ ಟೇಬಲ್:
ತೊಳೆಯೋ ಕ್ರಮ ನಾನು ಹೇಳ್ತೇನೆ, ತಪ್ಪಾಗೋದು ಹೆಚ್ಚು ಇಲ್ಲೇ. ಮೊದಲು ಡಾಕ್ಟರು ಕಿವಿಯ ತಮಟೆ ಸರಿಯಿದೆ ಅಂತ ನೋಡಿರಬೇಕು. ಹರಿದಿದ್ದರೆ ಗುಗ್ಗೆ ಕರಗಿಸೋ ದ್ರಾವಣ, ಜೆಂಟಾಮೈಸಿನ್, ಕ್ಲೋರ್‌ಹೆಕ್ಸಿಡಿನ್ ಇವೆಲ್ಲ ಒಳಗಿವಿಗೆ ಇಳಿದು ಕಿವುಡು ಮಾಡಬಲ್ಲವು. ಸರಿಯಿದ್ದರೆ: ಕ್ಲೀನರ್ ಬಾಟಲಿಯನ್ನು ಕೈಯಲ್ಲಿ ಹಿಡಿದು ಮೈಬಿಸಿಗೆ ತನ್ನಿ, ತಣ್ಣಗಿದ್ದರೆ ನಾಯಿ ಮುಂದಿನ ಸಲ ಹತ್ತಿರವೂ ಬರಲ್ಲ. ಕಿವಿ ಹಾಳೆಯನ್ನು ಮೇಲಕ್ಕೆತ್ತಿ ಹಿಡಿದರೆ ಕೊಳವೆ ಸ್ವಲ್ಪ ನೇರ ಆಗುತ್ತೆ. ತುಂಬಿ ತುಳುಕೋವಷ್ಟು ಸುರಿಯಿರಿ. ಕಿವಿಯ ಬುಡವನ್ನು 30 ಸೆಕೆಂಡು ಹಿಸುಕಿ, ಒಳಗಿಂದ ಪಚಪಚ ಶಬ್ದ ಬರಬೇಕು. ಆಮೇಲೆ ಬಿಟ್ಟುಬಿಡಿ, ಅದು ತಲೆ ಕೊಡವಲಿ, ನೀವು ದೂರ ನಿಲ್ಲಿ. ಮೇಲಕ್ಕೆ ಬಂದ ಕೊಳೆಯನ್ನು ಬೆರಳಿಗೆ ಸುತ್ತಿದ ಹತ್ತಿಯಲ್ಲಿ, ಬೆರಳು ಹೋಗುವಷ್ಟು ದೂರ ಮಾತ್ರ ಒರೆಸಿ. ಇಯರ್‌ಬಡ್ ಬೇಡ, ಅದು ಗುಗ್ಗೆಯನ್ನು ತಿರುವಿನಾಚೆ ನೂಕಿ ಗಟ್ಟಿ ಮಾಡುತ್ತೆ. ಡ್ರಾಪ್ಸ್ ಹಾಕೋದು 15-20 ನಿಮಿಷ ಬಿಟ್ಟು. ಕಿವಿ ಮುಟ್ಟಿದರೆ ಕಿರುಚೋ ಸ್ಥಿತಿಯಲ್ಲಿದ್ದರೆ ತೊಳೆಯಲೇಬೇಡಿ, ಮೊದಲು ಊತ ಇಳಿಯೋ ಮಾತ್ರೆ ಬೇಕು.

ಕೊಬ್ಬರಿ ಎಣ್ಣೆ ಬೇಡ. ಮಲಸೇಜಿಯಾ ಬದುಕೋದೇ ಚರ್ಮದ ಜಿಡ್ಡಿನ ಮೇಲೆ. ಜೊತೆಗೆ ಎಣ್ಣೆ ಗುಗ್ಗೆಯನ್ನು ಅಂಟಿಸಿಡುತ್ತೆ, ಮೇಲೆ ಹಾಕಿದ ಔಷಧಿ ಚರ್ಮಕ್ಕೆ ತಾಗಲ್ಲ. ಟೀ ಟ್ರೀ ಎಣ್ಣೆ ನಾಯಿಗೆ ವಿಷ.

ಮೈಗೆ: ಕ್ಲೋರ್‌ಹೆಕ್ಸಿಡಿನ್ 2% ಮತ್ತು ಮೈಕೊನಜೋಲ್ 2% ಇರೋ ಶಾಂಪೂ, ವಾರಕ್ಕೆ ಎರಡು ಸಲ, 3-4 ವಾರ. ನೊರೆ ಬಂದ ಮೇಲೆ ಗಡಿಯಾರ ನೋಡಿ 10 ನಿಮಿಷ ಮೈಮೇಲೇ ಬಿಡಬೇಕು. ಎರಡು ನಿಮಿಷಕ್ಕೆ ತೊಳೆದರೆ ಸಾಬೂನು ಹಾಕಿದ ಹಾಗೇ. ಉಗುರು ಬೆಚ್ಚಗಿನ ನೀರು ಸಾಕು, ಬಿಸಿನೀರು ತುರಿಕೆ ಏರಿಸುತ್ತೆ. ಬೆರಳ ಸಂದು ಪೂರ್ತಿ ಒಣಗಿಸಿ.

ಪುತ್ತೂರು ಲ್ಯಾಬ್:
ಮಿಲಿ ಲೆಕ್ಕ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ಒಂದು ತಿದ್ದುಪಡಿ: ಕಿವಿ ಸೋರೋದು ಮಳೆಗಾಲದಲ್ಲಿ ಮಾತ್ರ, ಆದರೆ ಕಾಲು ನೆಕ್ಕೋದು ಡಿಸೆಂಬರ್, ಏಪ್ರಿಲ್‌ನಲ್ಲೂ ಇದೆ. ಉಣ್ಣೆಗೆ ತಿಂಗಳಿಗೊಮ್ಮೆ ಬೆನ್ನಿಗೆ ಹನಿ ಹಾಕ್ತೇನೆ.

ಉಣ್ಣೆ ಚಿಗಟ ಕಜ್ಜಿ:
ಅಲರ್ಜಿ ಅನ್ನೋ ಮೊದಲು ಹುಳ ತಳ್ಳಿಹಾಕಿ. ಬಾಲದ ಬುಡ, ಹಿಂತೊಡೆ ಕೆರೆದರೆ ಚಿಗಟ. ಕಿವಿಯ ಅಂಚು, ಮೊಣಕೈ ಹೊಪ್ಪಳೆ ಎದ್ದಿದ್ದರೆ ಕಜ್ಜಿ: ಕಿವಿ ಅಂಚನ್ನು ಬೆರಳಲ್ಲಿ ಉಜ್ಜಿದ ಕೂಡಲೇ ಹಿಂಗಾಲು ತಾನಾಗಿ ಕೆರೆಯೋಕೆ ಶುರುಮಾಡಿದರೆ ಅನುಮಾನ ಬಲವಾಗುತ್ತೆ. ಚರ್ಮ ಕೆರೆದು ನೋಡಿದರೂ ಕಜ್ಜಿ ಹುಳ ಎಷ್ಟೋ ಸಲ ಸಿಗಲ್ಲ, ಮನೆಯವರ ಕೈಮೇಲೆ ಗುಳ್ಳೆ ಎದ್ದಿದೆಯಾ ಅದೂ ನೋಡಿ. ನಿಮ್ಮದು ವಾರಕ್ಕೆರಡು ಶಾಂಪೂ ಸ್ನಾನ ಶುರುವಾದರೆ ಬೆನ್ನಿನ ಹನಿಯ ಬಲ ತಗ್ಗಬಹುದು. ಫ್ಲೂರಲನರ್, ಅಫಾಕ್ಸೊಲನರ್ ಜಾತಿಯ ಮಾತ್ರೆ ಚಿಗಟ, ಉಣ್ಣೆ, ಕಜ್ಜಿ ಮೂರನ್ನೂ ನೋಡಿಕೊಳ್ಳುತ್ತೆ. ಫಿಟ್ಸ್ ಬರುವ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಿ. ದನಕ್ಕೆ ಹಾಕೋ ಐವರ್ಮೆಕ್ಟಿನ್ ಇಂಜೆಕ್ಷನ್ ಅಂದಾಜಿನ ಮೇಲೆ ಚುಚ್ಚಿಸೋದು ಬೇಡವೇ ಬೇಡ, ಕೋಲಿ ಜಾತಿಯ ಕೆಲವಕ್ಕೆ ಅದು ಪ್ರಾಣಕ್ಕೇ ಬರುತ್ತೆ.

ಮಲೆನಾಡಿನ ಪಶುವೈದ್ಯೆ:
ವರ್ಷಪೂರ್ತಿ ನೆಕ್ಕುತ್ತೆ ಅಂದಮೇಲೆ ಲೆಕ್ಕ ಬದಲಾಯ್ತು. ಮಳೆಗಾಲಕ್ಕೆ ಮಾತ್ರ ಬರೋದಾಗಿದ್ದರೆ ಊಟದ ಮೇಲೆ ಅನುಮಾನ ಕಡಿಮೆ, ಕೋಳಿ ಜನವರಿಯಲ್ಲೂ ತಿಂತಿತ್ತಲ್ಲ! ಈಗ ಊಟದ ಪರೀಕ್ಷೆ ಮಾಡಲೇಬೇಕು. ರಕ್ತ, ಕೂದಲು ಕಳಿಸಿ ಮಾಡಿಸೋ ಆಹಾರ ಅಲರ್ಜಿ ಟೆಸ್ಟ್‌ಗೆ ದುಡ್ಡು ಹಾಕಬೇಡಿ, ನಂಬೋ ಹಾಗಿಲ್ಲ.

ಪರೀಕ್ಷೆ 8 ವಾರ. ಹಿಂದೆ ಎಂದೂ ತಿನ್ನದ ಒಂದೇ ಮಾಂಸ, ಒಂದೇ ಗೆಡ್ಡೆ. ಹಂದಿ ಮಾಂಸ ತಿಂದಿಲ್ಲ ಅಂದರೆ ಅದು ಮತ್ತು ಸಿಹಿಗೆಣಸು. ಕೋಳಿಗೆ ಬದಲು ಬಾತುಕೋಳಿ ಆಗಲ್ಲ, ಎರಡರ ಪ್ರೋಟೀನ್ ಹತ್ತಿರ ಹತ್ತಿರ. 30 ಕೆಜಿಗೆ ದಿನಕ್ಕೆ ಸುಮಾರು 1200-1300 ಕಿಲೊಕ್ಯಾಲೊರಿ ಬೇಕು: ಕೊಬ್ಬು ತೆಗೆದು ಬೇಯಿಸಿದ ಮಾಂಸ 350 ಗ್ರಾಂ, ಬೆಂದ ಗೆಣಸು 500 ಗ್ರಾಂ, ಎರಡು ಹೊತ್ತಿಗೆ ಹಂಚಿ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಇಲ್ಲ. ಹಳೆಯ ಊಟದಿಂದ 5-7 ದಿನದಲ್ಲಿ ನಿಧಾನವಾಗಿ ಬದಲಿಸಿ, ಇಲ್ಲದಿದ್ದರೆ ಭೇದಿ. ವಾರಕ್ಕೊಮ್ಮೆ ತೂಕ ನೋಡಿ. ಇದು 8 ವಾರಕ್ಕೆ ನಡೆಯುತ್ತೆ, ಕಾಯಂ ಊಟ ಅಲ್ಲ, ಕ್ಯಾಲ್ಸಿಯಂ ಮೊದಲಾದವು ಸಾಲದು. ಮರಿಗಳಿಗೆ ಈ ಊಟ ಕೂಡದು. ಅಡುಗೆ ಕಷ್ಟ ಅಂದರೆ ಹೈಡ್ರೊಲೈಸ್ಡ್ ಪ್ರೋಟೀನ್ (ಅಲರ್ಜಿ ಎಬ್ಬಿಸದಷ್ಟು ಸಣ್ಣ ತುಣುಕಾಗಿ ಒಡೆದ ಪ್ರೋಟೀನ್) ಇರೋ ಡ್ರೈ ಫುಡ್.

ಪರೀಕ್ಷೆ ಕೆಡೋದು ದೊಡ್ಡ ತಪ್ಪಿನಿಂದಲ್ಲ. ಅಜ್ಜಿ ಕೊಟ್ಟ ಬಿಸ್ಕತ್ತು, ಮಗುವಿನ ತಟ್ಟೆಯಿಂದ ಬಿದ್ದ ಮೊಸರನ್ನ, ಮಾಂಸದ ರುಚಿ ಹಾಕಿದ ಜಂತುಹುಳದ ಮಾತ್ರೆ. ಹುಳದ ಮಾತ್ರೆಯನ್ನು ಪರೀಕ್ಷೆಗೆ ಮೊದಲೇ ಮುಗಿಸಿ. 8 ವಾರಕ್ಕೆ ತುರಿಕೆ ಇಳಿದರೆ ಹಳೆಯ ಕೋಳಿ-ಅನ್ನ ಮತ್ತೆ ಕೊಡಿ. 2 ವಾರದೊಳಗೆ ತುರಿಕೆ ಮರಳಿದರೆ ಊಟವೇ ಕಾರಣ. ಈ ಕೊನೆಯ ಹೆಜ್ಜೆ ಬಿಟ್ಟರೆ ಇಳಿದದ್ದು ಊಟದಿಂದಲೋ, ಮಳೆ ನಿಂತದ್ದರಿಂದಲೋ ಗೊತ್ತಾಗಲ್ಲ.

ಊಟ ಕಾರಣ ಅಲ್ಲ ಅಂತಾದರೆ ಪರಿಸರದ ಅಲರ್ಜಿ: ಧೂಳಿನ ನುಸಿ, ಬೂಷ್ಟು, ಪರಾಗ. ಅದು ವಾಸಿ ಆಗಲ್ಲ, ಹತೋಟಿಯಲ್ಲಿ ಇಡೋದು. ತುರಿಕೆ ತಗ್ಗಿಸೋ ಆಕ್ಲಾಸಿಟಿನಿಬ್ ಮಾತ್ರೆಯ ಒಂದು ಸಲದ ಪ್ರಮಾಣ ಕೆಜಿಗೆ 0.4-0.6 ಮಿಗ್ರಾಂ, ಅಂದರೆ ನಿಮ್ಮದಕ್ಕೆ 16 ಮಿಗ್ರಾಂ ಮಾತ್ರೆ ಒಂದು. ದಿನಕ್ಕೆರಡು ಸಲ ಹೆಚ್ಚೆಂದರೆ 14 ದಿನ, ನಂತರ ದಿನಕ್ಕೊಂದು. ಒಂದು ವರ್ಷದೊಳಗಿನ ನಾಯಿಗೆ, ಗಂಭೀರ ಸೋಂಕು ಇರುವಾಗ ಇಲ್ಲ. ಡಾಕ್ಟರು ನೋಡದೆ ಶುರುಮಾಡಬೇಡಿ. ಸೆಟಿರಿಜಿನ್ ಈ ಮಟ್ಟದ ತುರಿಕೆಗೆ ಹೆಚ್ಚು ಕೆಲಸ ಮಾಡಲ್ಲ. ಹೆಸರಿನ ಕೊನೆಗೆ ‘ಡಿ’ ಇರೋದನ್ನು ಮನೆಯ ಡಬ್ಬಿಯಿಂದ ಅಪ್ಪಿತಪ್ಪಿಯೂ ಕೊಡಬೇಡಿ, ಅದರಲ್ಲಿ ಸೂಡೊಎಫೆಡ್ರಿನ್ ಇರುತ್ತೆ, ನಾಯಿಗೆ ಮಾರಕ.

ಸ್ಲೈಡ್ ಖಾಲಿ ಬಂದ ಮೇಲೆ ಕಿವಿಗೆ ಸ್ಟೆರಾಯ್ಡ್ ಮಾತ್ರ ಇರೋ ಡ್ರಾಪ್ಸ್ ವಾರಕ್ಕೆ 2 ಸಲ ಮುಂದುವರಿಸೋ ಬಗ್ಗೆ ಕೇಳಿ. ಊತ ಏಳದ ಹಾಗೆ ನೋಡಿಕೊಂಡರೆ ಯೀಸ್ಟಿಗೆ ಜಾಗ ಸಿಗಲ್ಲ.

ಪುತ್ತೂರು ಲ್ಯಾಬ್:
ಸರಿ. ಸೋಮವಾರ ಸ್ಲೈಡ್, ತಮಟೆ ಎರಡೂ ನೋಡಿಸ್ತೇನೆ. ಅಲ್ಲಿವರೆಗೆ ಉಳಿದ ಹಳೇ ಡ್ರಾಪ್ಸ್ ಹಾಕ್ತಾ ಇರಲಾ?

ಮಲೆನಾಡಿನ ಪಶುವೈದ್ಯೆ:
ಬೇಡ. ಕಿವಿ ತೊಳೆಯೋದೂ ಬೇಡ, ತೊಳೆದರೆ ಸ್ಲೈಡಿನಲ್ಲಿ ಏನೂ ಸಿಗಲ್ಲ. ತಲೆ ಒಂದು ಬದಿಗೆ ವಾಲಿಸಿದರೆ, ನಡೆಯುವಾಗ ತೂರಾಡಿದರೆ, ಬಾಯಿ ತೆರೆಯುವಾಗ ನೋವು ಕಂಡರೆ ಸೋಮವಾರಕ್ಕೆ ಕಾಯದೆ ಅವತ್ತೇ ಹೋಗಿ, ಸೋಂಕು ಒಳಗಿವಿಯ ಕಡೆ ಇಳಿದಿರುತ್ತೆ. ಕಿವಿ ಹಾಳೆ ದಿಂಬಿನ ಹಾಗೆ ಉಬ್ಬಿದರೆ ತಲೆ ಕೊಡವಿ ಕೊಡವಿ ಒಳಗೆ ರಕ್ತ ತುಂಬಿದೆ ಅಂತ ಅರ್ಥ, ಅದಕ್ಕೂ ಕಾಯಬೇಡಿ.