ಸಹಾಯ ಬೇಕು: ಬಾತ್ ಊರಲ್ಲಿ ಅಪ್ಪನ ಜೊತೆ ಸೈಕಲ್, ಯಾವ ಕಡೆಯಿಂದ ಸುತ್ತಲಿ?

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಪ್ಪ ಬಂದಿದ್ದಾರೆ. ಇಬ್ಬರೂ ಇಂಗ್ಲೆಂಡಿನ ಬಾತ್‌ನಲ್ಲಿದ್ದೇವೆ. ಊರನ್ನು ನಡೆದೇ ನೋಡಿದೆವು. ರೋಮನ್ನರ ಸ್ನಾನದ ಕೊಳ, ಪುಲ್ಟೆನಿ ಸೇತುವೆ, ಅರ್ಧಚಂದ್ರದ ಹಾಗೆ ಬಾಗಿ ನಿಂತ ರಾಯಲ್ ಕ್ರೆಸೆಂಟ್‌ನ 30 ಮನೆಗಳು. ಆ ಜೇನುಬಣ್ಣದ ಕಲ್ಲನ್ನು ಅಪ್ಪ ಕೈಯಿಂದ ಸವರಿ ಸವರಿ ನೋಡಿದರು.

ನಾಳೆ ಸೈಕಲ್. ಟು ಟನಲ್ಸ್ ಸುತ್ತು, ಸುಮಾರು 21 ಕಿ.ಮೀ. ಹಳೇ ರೈಲು ದಾರಿಯ ಎರಡು ಸುರಂಗ ದಾಟಿ ಮಿಡ್‌ಫರ್ಡ್. ಅಲ್ಲಿಂದ ಡಂಡಸ್, ಅಂದರೆ ಏವನ್ ಹೊಳೆಯ ಮೇಲೆ ಕಾಲುವೆ ಹಾಯಿಸಿದ ಕಲ್ಲಿನ ಸೇತುವೆ. ಆಮೇಲೆ ಕಾಲುವೆ ದಂಡೆ ಹಿಡಿದು ವಾಪಸ್. ಕೂಮ್ ಡೌನ್ ಸುರಂಗ ಒಂದೇ ಒಂದೂವರೆ ಕಿ.ಮೀ.ಗಿಂತ ಜಾಸ್ತಿ. ಅದರೊಳಗೆ ಸೈಕಲ್ ಹೊಡೆಯಬೇಕು ಅಂತ ಅಪ್ಪನಿಗೆ ತುಂಬಾ ಆಸೆ. ಮೂವತ್ತು ವರ್ಷ ಸೈಕಲ್‌ನಲ್ಲೇ ಕೆಲಸಕ್ಕೆ ಹೋದವರು ಅಲ್ವಾ.

ಆದರೆ ಈಗ ಅವರಿಗೆ 67, ಮಂಡಿ ನೋವು. ಏರು ತುಳಿಯೋಕೆ ಆಗಲ್ಲ. ಫೋನಿನ ಮ್ಯಾಪ್ ಸುರಂಗದ ಜಾಗದಲ್ಲಿ ದೊಡ್ಡ ಏರು ತೋರಿಸುತ್ತಿದೆ. ಅದು ಮೇಲಿನ ಗುಡ್ಡದ ಲೆಕ್ಕ ಇರಬೇಕು, ಅದರ ಚಿಂತೆ ಇಲ್ಲ. ಚಿಂತೆ ಇರುವುದು ಮಿಡ್‌ಫರ್ಡ್‌ನಿಂದ ಡಂಡಸ್‌ವರೆಗಿನ ತುಂಡಿನದು. ಅಲ್ಲಿ ರೈಲು ದಾರಿ ಬಿಟ್ಟು ರಸ್ತೆಗೆ ಇಳಿಯಬೇಕು. ಸೈಕಲ್ ಬಾಡಿಗೆಗೆ ಕೊಡುವ ಇಬ್ಬರನ್ನು ಕೇಳಿದೆ. ಒಬ್ಬರು ಸುರಂಗ ಮೊದಲು ಅಂದರು, ಇನ್ನೊಬ್ಬರು ಕಾಲುವೆ ಮೊದಲು ಅಂದರು.

ಈ ಸುತ್ತು ಹೊಡೆದವರು ದಯವಿಟ್ಟು ಹೇಳಿ: ಆ ರಸ್ತೆಯಲ್ಲಿ ಯಾವ ಕಡೆಯಿಂದ ಬಂದರೆ ಏರು ಕಡಿಮೆ? ಅಪ್ಪ ಇಳಿದು ಸೈಕಲ್ ತಳ್ಳಬೇಕಾದರೆ ಎಷ್ಟು ದೂರ?