‘ಡ್ಯಾಂಪ್’: ತೇವವೋ, ಶೀತವೋ, ಕುಂಬೋ?

ಕೇಳಿಕೆ (ಕಾರವಾರದಿಂದ): ಡೀಲರ್ ಹತ್ತಿರ ಹಳೆಯ ಕ್ಯಾರವಾನ್ ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ತಪಾಸಣೆ ಪಟ್ಟಿ ಬರೆಯುತ್ತಿದ್ದೇನೆ. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಉಳಿದುಕೊಳ್ಳಬಹುದಾದ ಬ್ರಿಟನ್ ಮಾದರಿಯ ಗಾಡಿ ಅದು. ಹೊರಗೆ ಅಲ್ಯೂಮಿನಿಯಂ ತಗಡು, ನಡುವೆ ಮರದ ಚೌಕಟ್ಟು ಮತ್ತು ಥರ್ಮೋಕೋಲ್, ಒಳಗೆ ತೆಳು ಪ್ಲೈವುಡ್. ಇಂಗ್ಲಿಷಿನ ‘ಡ್ಯಾಂಪ್’ (damp) ಬಂದಲ್ಲೆಲ್ಲ ‘ತೇವ’ ಎಂದು ಹಾಕಿದ್ದೆ. ಓದಿದವರು, ಆಷಾಢದಲ್ಲಿ ನಮ್ಮ ಕಡೆ ತೇವ ಇಲ್ಲದ್ದು ಯಾವುದು ಎಂದು ಕೇಳಿದರು. ಸರಿಯಾದ ಒಂದು ಶಬ್ದ ತಿಳಿಸುತ್ತೀರಾ?

ಉತ್ತರ (ಶಿರಸಿಯಿಂದ): ಅವರು ಕೇಳಿದ್ದು ಸರಿಯಾಗಿಯೇ ಇದೆ. ಒಂದೇ ಶಬ್ದಕ್ಕೆ ಹಟ ಹಿಡಿಯಬೇಡಿ. ನೀರು ಮರವನ್ನು ಹಾಳುಮಾಡುವ ಒಂದೊಂದು ಹಂತಕ್ಕೂ ನಮ್ಮಲ್ಲಿ ಬೇರೆ ಮಾತಿದೆ, ಕೊಳ್ಳುವವನಿಗೆ ಬೇಕಾದದ್ದೂ ಆ ಹಂತದ ತಿಳಿವಳಿಕೆಯೇ.

‘ತೇವ’ವನ್ನು, ಮರದಲ್ಲಿ ಎಷ್ಟು ನೀರಿದೆ ಎಂದು ಅಳೆಯುವ ಮಾಪಕದ ಅಂಕಿಗೆ ಮಾತ್ರ ಇಟ್ಟುಕೊಳ್ಳಿ. ಎರಡು ಮುಳ್ಳಿನ ಮಾಪಕವನ್ನು ಪ್ಲೈವುಡ್ಡಿಗೆ ಒತ್ತಿದಾಗ ಶೇ. 15ರವರೆಗೆ ಬಂದರೆ ಒಳ್ಳೆಯದು, 15ರಿಂದ 20 ಬಂದರೆ ಕಣ್ಣಿಡಬೇಕು, 20 ದಾಟಿದರೆ ಬಿಚ್ಚಿ ನೋಡಬೇಕು, 30 ದಾಟಿದರೆ ಚೌಕಟ್ಟೇ ಕೆಟ್ಟಿರುವ ಸಂಭವ ಹೆಚ್ಚು ಎಂಬುದು ಬ್ರಿಟನ್ನಿನ ರೂಢಿಯ ಲೆಕ್ಕ. ಕಾರವಾರಕ್ಕೆ ಅದನ್ನು ಹಾಗೆಯೇ ತರಬೇಡಿ. ಹವೆಯ ಆರ್ದ್ರತೆ ಶೇ. 90ರ ಹತ್ತಿರ ವಾರಗಟ್ಟಲೆ ನಿಂತರೆ, ಒಂದು ಹನಿ ಒಳಗೆ ಬರದಿದ್ದರೂ ಮರ ಶೇ. 20ರಷ್ಟು ನೀರು ಹಿಡಿದಿರುತ್ತದೆ. ಆದ್ದರಿಂದ ಕಿಟಕಿಯಿಂದ ದೂರದ ಒಳಗೋಡೆಯಲ್ಲಿ ಮೊದಲು ಒಂದು ಅಳತೆ ತೆಗೆದು, ಅದನ್ನೇ ತಳಹದಿ ಮಾಡಿಕೊಳ್ಳಲು ಹೇಳಿ. ಅಲ್ಲಿ 18 ಇದ್ದು ಕಿಟಕಿಯ ಕೆಳಮೂಲೆಯಲ್ಲಿ 27 ಬಂದರೆ ಅದು ಹವೆಯ ತೇವವಲ್ಲ. ಮುಳ್ಳಿನ ಹಿಂದೆ ಸ್ಕ್ರೂ ಅಥವಾ ತಗಡು ಸಿಕ್ಕರೂ ಅಂಕಿ ಜಿಗಿಯುತ್ತದೆ. ನಾಲ್ಕು ಬೆರಳು ಆಚೆ ಇನ್ನೊಮ್ಮೆ ಒತ್ತಿ ನೋಡಬೇಕು.

ಹೊರಗಿನ ನೀರು ಕುಡಿದ ಗೋಡೆಗೆ ‘ಶೀತ ಎಳೆದಿದೆ’ ಎನ್ನಿ. ಬರೀ ‘ಶೀತ’ ಎಂದರೆ ನೆಗಡಿಯೂ ಆಗುತ್ತದೆ, ಚಳಿಯೂ ಆಗುತ್ತದೆ. ‘ಎಳೆ’ ಸೇರಿದ ಕೂಡಲೇ ಗೊಂದಲ ಹೋಗುತ್ತದೆ. ಚಿರೆಕಲ್ಲಿನ ಗೋಡೆಗೆ ನಾವು ಆಡುವ ಮಾತೇ ಇದು.

ಕಾರಣ ಹೇಳುವಾಗ ‘ಸೋರು’ ಬೇಡ, ‘ಜಿನುಗು’ ಇರಲಿ. ಸೋರಿದರೆ ಹನಿ ಕಾಣುತ್ತದೆ, ಕೆಳಗೆ ಪಾತ್ರೆ ಇಡಬಹುದು. ಕ್ಯಾರವಾನಿನ ಮೂಲೆಯ ಅಲ್ಯೂಮಿನಿಯಂ ಪಟ್ಟಿ, ಕಿಟಕಿ, ಚಾವಣಿಯ ಗವಾಕ್ಷಿ, ಹೊರಗಿನ ಹಿಡಿಕೆ, ದೀಪ ಇವುಗಳ ಅಡಿಯ ಮೆತ್ತನೆಯ ಸೀಲಂಟ್ (ಸಂದು ಮುಚ್ಚುವ ಅಂಟು) ವರ್ಷ ಕಳೆದಂತೆ ಒಣಗಿ ಬಿರಿಯುತ್ತದೆ. ಪಟ್ಟಿಯ ಒಂದೊಂದು ಸ್ಕ್ರೂ ತೂತೂ ನೀರಿಗೆ ದಾರಿ. ಕಣ್ಣಿಗೆ ಏನೂ ಬೀಳದೆ ಚೌಕಟ್ಟಿನ ಮರ ನೆನೆಯುತ್ತದೆ. ಹಳೆಯ ಪಟ್ಟಿಯ ಮೇಲೆ ಹೊಸ ಸಿಲಿಕಾನ್ ಬಳಿದಿದ್ದರೆ ಅಲ್ಲೇ ಹೆಚ್ಚು ಹುಡುಕಬೇಕು: ಪಟ್ಟಿ ಬಿಚ್ಚದೆ ಮಾಡಿದ ತೇಪೆ ಅದು.

‘ಬೂಷ್ಟು’ ಬೇರೆ. ಗಾಳಿಯಾಡದ ಕಪಾಟಿನಲ್ಲಿ, ಮಂಚದ ಪೆಟ್ಟಿಗೆಯೊಳಗೆ, ಬಟ್ಟೆಗೆ ಬರುವ ಹಾಗೆ ಮೇಲ್ಮೈಗೆ ಬಂದದ್ದು ಒರೆಸಿದರೆ ಹೋಗುತ್ತದೆ. ಒರೆಸಿದ ಮೇಲೂ ಕಪ್ಪು ಕಲೆ ಪ್ಲೈವುಡ್ಡಿನ ಒಳಗಿನಿಂದಲೇ ಕಂಡರೆ, ಅದು ಬೂಷ್ಟಿನ ಲೆಕ್ಕದಲ್ಲಿ ಬರುವುದಿಲ್ಲ. ಮುಚ್ಚಿಟ್ಟ ಗಾಡಿಯ ಬಾಗಿಲು ತೆರೆದಾಗ ಬರುವ ವಾಸನೆಗೆ ‘ಮುಗ್ಗು’ ಎಂದು ಬರೆಯಿರಿ. ಡೀಲರ್ ನೀವು ಬರುವ ಮೊದಲೇ ಬಾಗಿಲು ತೆರೆದಿಟ್ಟು ಊದುಬತ್ತಿ ಹಚ್ಚಿದ್ದರೆ, ಒಂದು ತಾಸು ಎಲ್ಲ ಮುಚ್ಚಿಸಿ ಮತ್ತೆ ಮೂಸಬೇಕು.

ಕೊನೆಯ ಹಂತಕ್ಕೆ ‘ಕುಂಬು’. ‘ಕೊಳೆತ’ ಎಂದರೆ ಹಣ್ಣು ನೆನಪಾಗುತ್ತದೆ, ಮರಕ್ಕೆ ಕುಂಬೇ ಸರಿ. ಹೆಬ್ಬೆರಳಿನಿಂದ ಒತ್ತಿದರೆ ಗೋಡೆ, ಶೀತ ಹಿಡಿದ ಹಪ್ಪಳದ ಹಾಗೆ ಮೆತ್ತಗೆ ಬಾಗಿ, ಬೆರಳು ತೆಗೆದ ಮೇಲೂ ಕುಳಿ ಉಳಿಯುತ್ತದೆ. ಹೊರಗಿನ ತಗಡಿನಲ್ಲಿ ಸಾಸಿವೆಯಷ್ಟು ಗುಳ್ಳೆ, ಅದರ ಬಾಯಲ್ಲಿ ಬಿಳಿ ಪುಡಿ ಕಂಡರೆ, ಒಳಗೆ ನಿಂತ ನೀರು ಅಲ್ಯೂಮಿನಿಯಮ್ಮನ್ನು ಹಿಂದಿನಿಂದ ತಿಂದು ಹೊರಬಂದಿರಬಹುದು. ಗಾಡಿಯನ್ನು ತಿಂಗಳುಗಟ್ಟಲೆ ಒಣಗಿಸಿ ಮಾಪಕದ ಅಂಕಿ ಇಳಿಸಬಹುದು, ಆದರೆ ಕುಂಬಾದ ಮರ ಗಟ್ಟಿಯಾಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಕೊಳ್ಳುವವನಿಗೆ ಅಂಕಿಗಿಂತ ಹೆಬ್ಬೆರಳೇ ಹೆಚ್ಚು ಹೇಳುತ್ತದೆ.

ರಸೀದಿಯ ಮಾತು ಮುಖ್ಯ. ‘ತೇವ ಇಲ್ಲ’ ಎಂದು ಬರೆಸಿಕೊಂಡರೆ ಮಳೆಗಾಲದಲ್ಲಿ ಅದು ನಿಲ್ಲುವುದಿಲ್ಲ. ‘ಶೀತ ಎಳೆದಿಲ್ಲ, ಕುಂಬು ಇಲ್ಲ’ ಎಂದು ಬರೆಸಿ, ಅಳತೆ ತೆಗೆದ ತಾರೀಕು, ಜಾಗ, ಅಂಕಿ ಮೂರನ್ನೂ ಕೆಳಗೆ ಸೇರಿಸಬೇಕು.

ಒಂದು ಮಾತು ನನಗೂ ಬೇಕು. ಬಾಗಿಲ ಬಳಿ, ಒಲೆಯ ಮುಂದೆ ಕಾಲಿಟ್ಟಾಗ ನೆಲ ಕಿರುಗುಟ್ಟಿ ಕುಗ್ಗುತ್ತದೆ. ಎಷ್ಟೋ ಸಲ ಅಲ್ಲಿ ನೀರೇ ಇರುವುದಿಲ್ಲ, ತುಳಿದು ತುಳಿದು ಪ್ಲೈವುಡ್ಡಿಗೂ ನಡುವಿನ ಫೋಮಿಗೂ ಇರುವ ಅಂಟು ಬಿಟ್ಟಿರುತ್ತದೆ. ಸದ್ಯಕ್ಕೆ ‘ಪದರ ಬಿಟ್ಟಿದೆ’ ಎನ್ನುತ್ತೇನೆ. ನಿಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಇನ್ನೂ ಚಿಕ್ಕ ಶಬ್ದವಿದ್ದರೆ ಕೇಳಿ ತಿಳಿಸಿ.